ಜ್ವರದ ವಯಸ್ಸು

ಕಂಡಕ್ಟರಮ್ಮನ ಕಾಲಿಗೆ ಚಕ್ರ ಕಟ್ಟಿದೆ ಎಂದು ಡ್ರೈವರ್ ಹಾಸ್ಯ ಮಾಡುತ್ತಿದ್ದ. ಬಸ್ಸು ಖಾಲಿಯಿದ್ದರೂ ಆಕೆ ಕೂತವಳಲ್ಲ. ಮಗನಿಗೆ ಕಾಯಿಲೆ ಶುರುವಾದ ಮೇಲಂತೂ ಮನೆಯಲ್ಲೂ ನಿಂತೇ ಉಣ್ಣುತ್ತಿದ್ದಳು. ಏಳು ವರ್ಷದ ಆ ಹುಡುಗನಿಗೆ ತಿಂಗಳಿಗೊಮ್ಮೆ ಹೇಳಿ ಕಳಿಸಿದಂತೆ ಜ್ವರ ಬರುತ್ತಿತ್ತು. ಬಾಯಲ್ಲಿ ಹುಣ್ಣು, ಗಂಟಲು ನೋವು. ಯಾವ ಔಷಧಿಗೂ ಜಗ್ಗದೆ ಕಾಡಿ, ತಾನಾಗಿಯೇ ಹೋಗುತ್ತಿತ್ತು.

ತಪ್ಪು ಯಾರದೆಂದು ಆಕೆ ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಹೋದ ವರ್ಷ ಮಗನನ್ನು ನಾದಿನಿಯ ಮನೆಯಲ್ಲಿ ಬಿಟ್ಟಿದ್ದಾಗ ಅವಳು ಐಸ್‌ಕ್ರೀಮ್ ತಿನ್ನಿಸಿದಳಂತೆ. ಮಗು ಸುಡುವ ಮೈಯಲ್ಲಿ ಮನೆಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಂದು ನಾದಿನಿಯನ್ನು ಬೈದದ್ದೇ ಕೊನೆ, ಆಮೇಲೆ ಮಾತಿಲ್ಲ. ನಾದಿನಿ ಕೆಲಸಕ್ಕೆ ಹೋಗುತ್ತಿದ್ದುದು ಅದೇ ಬಸ್ಸಿನಲ್ಲಿ. ಕಂಡಕ್ಟರಮ್ಮ ಮುಖ ನೋಡದೆ ಟಿಕೆಟ್ ಹರಿದು ಕೊಡುತ್ತಿದ್ದಳು.

ಹೊಸ ಡಾಕ್ಟರು ಕೇಳಿದರು: "ಈ ಜ್ವರ ಮೊದಲನೇ ಸಲ ಬಂದಾಗ ಮಗುವಿನ ವಯಸ್ಸೆಷ್ಟು?"

"ಆರು."

ಡಾಕ್ಟರ ಹುಬ್ಬು ಗಂಟಿಕ್ಕಿತು. "ಹೀಗೆ ಬಂದು ಹೋಗೋ ಜ್ವರ ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತೆ. ದೊಡ್ಡವರಾಗ್ತಾ ಹೆಚ್ಚಿನ ಮಕ್ಕಳಿಗೆ ತಾನೇ ವಾಸಿಯಾಗುತ್ತೆ. ಆರರಲ್ಲಿ ಅಂದ್ರೆ ಬೇರೆ ಏನಾದ್ರೂ ಇದೆಯಾ ಅಂತ ನೋಡ್ಬೇಕು. ಸರಿಯಾಗಿ ನೆನಪು ಮಾಡ್ಕೊಂಡು ಬನ್ನಿ."

ಬೇರೆ ಏನು? ಮರುದಿನ ಅದೇ ಯೋಚನೆಯಲ್ಲಿ ಆಕೆ ಚಿಲ್ಲರೆ ತಪ್ಪಾಗಿ ಕೊಟ್ಟಳು, ಸ್ಟಾಪು ಮರೆತಳು, ಪಾಪದ ಮುದುಕನೊಬ್ಬನ ಮೇಲೆ ರೇಗಿದಳು. ನಾದಿನಿ ತನ್ನ ಮದುವೆಗೆ ಮುಂಚೆ ಇವರ ಮನೆಯಲ್ಲೇ ಇದ್ದಳು; ಕಂಡಕ್ಟರಮ್ಮ ಡ್ಯೂಟಿಗೆ ಹೋದಾಗ ಮಗುವನ್ನು ನೋಡಿಕೊಂಡವಳು ಅವಳೇ. ಜ್ವರ ಐಸ್‌ಕ್ರೀಮಿಗೂ ಮೊದಲೇ ಶುರುವಾಗಿರಲಿ, ಇಷ್ಟು ದಿನ ಸಾಕಿಕೊಂಡ ಸಿಟ್ಟು ಸುಳ್ಳಾಗಲಿ ಎಂದು ಈಗ ಕಂಡಕ್ಟರಮ್ಮನೇ ಬೇಡಿಕೊಳ್ಳಬೇಕಾಯಿತು.

ನಾದಿನಿ ಹತ್ತಿ ಕೂತಳು. ಕಂಡಕ್ಟರಮ್ಮ ಟಿಕೆಟ್ ಹರಿಯಲಿಲ್ಲ.

"ಚಿಕ್ಕವನಿದ್ದಾಗ ಅವನಿಗೆ ಹೀಗೆ ಜ್ವರ ಬರ್ತಿತ್ತೇನೇ?"

"ಮೂರು ವರ್ಷದವನಿದ್ದಾಗಿಂದ ಬರ್ತಿತ್ತಲ್ಲ ಅತ್ತಿಗೆ! ಬಾಯೆಲ್ಲ ಹುಣ್ಣಾಗಿ ಹಾಲೂ ಕುಡೀತಿರ್ಲಿಲ್ಲ. ನೀವು ಒಂದ್ಸಲ ಬಿಸಿಲಿಗೆ ಅಂದ್ರಿ, ಒಂದ್ಸಲ ಮಳೆಗೆ ಅಂದ್ರಿ."

"ಮತ್ತೆ ನಾನು ಬೈದಾಗ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನೀವೆಲ್ಲಿ ಬಿಟ್ರಿ? ಟಿಕೆಟ್ ಕೊಟ್ಟು ಮುಂದೆ ಹೋಗ್ತಿದ್ರಿ."

ಕಂಡಕ್ಟರಮ್ಮನಿಗೆ ನಾಚಿಕೆಯಾಯಿತು, ಅದಕ್ಕೂ ಮಿಗಿಲಾಗಿ ಸಂತೋಷವಾಯಿತು.

"ಮೂರೇ ತಾನೇ? ಡಾಕ್ಟರ ಮುಂದೆ ಬಂದು ಹೇಳ್ತೀಯಾ?"

ನಾದಿನಿ ಕಿಟಕಿಯ ಕಡೆ ಸರಿದು ಜಾಗ ಮಾಡಿದಳು. "ಹೇಳ್ತೀನಿ. ಮೊದಲು ಕೂತ್ಕೊಳ್ಳಿ."

ಕಂಡಕ್ಟರಮ್ಮ ಕೂತಳು. ಎಷ್ಟು ಹೊತ್ತಾದರೂ ಬಸ್ಸು ಬಿಡಲು ಆಕೆಯ ಸೀಟಿ ಕೇಳಿಸದೆ ಡ್ರೈವರ್ ಹಿಂತಿರುಗಿ ನೋಡಿದ.