ಹಿಡಿ ಕಾಳು ಹಾಕುವಷ್ಟು ಬಿಡುವು

ಶಿಕಾರಿಪುರದಲ್ಲಿ ಮದುವೆಯಾಗಲಿ, ಸಭೆಯಾಗಲಿ, ಮೊದಲು ಕೇಳಿಸುತ್ತಿದ್ದುದು ತೋಟಪ್ಪನವರ ಧ್ವನಿ. ಮೂರು ಸಲ ಹಲೋ ಎಂದು, ಮೈಕನ್ನು ಬೆರಳಿನಿಂದ ತಟ್ಟಿ, ಪಕ್ಕಕ್ಕೆ ಸರಿಯುತ್ತಿದ್ದರು. ಆಮೇಲೆ ಮಾತಾಡುವವರೆಲ್ಲ ಬೇರೆಯವರು. ಮೈಕ್ ಸೆಟ್ ಬಾಡಿಗೆಗೆ ಕೊಡುವುದು, ಕೆಟ್ಟ ರೇಡಿಯೋ ರಿಪೇರಿ ಮಾಡುವುದು ಅವರ ಕಸುಬು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಆ ಗೋಡೆಯಾಚೆಯಿಂದ ನಾನು ಚಿಕ್ಕಂದಿನಲ್ಲಿ ಕೇಳಿದ್ದು ಅವರ ತಾಯಿ ವೀರಮ್ಮನವರ ಬೀಸುವ ಹಾಡು. ಕಲ್ಲು ತಿರುಗುತ್ತಿತ್ತು, ಹಾಡು ಅದರ ಮೇಲೆ ಕೂತು ಬರುತ್ತಿತ್ತು. ಗಂಟಲಿಗೆ ಬೇನೆ ಬಂದು ವಾಸಿಯಾದ ಮೇಲೆ ಅವರಿಗೆ ಉಳಿದದ್ದು ಪಿಸುಮಾತು ಮಾತ್ರ. ಹಾಡು ನಿಂತಿತು.

ಐವತ್ತೆಂಟನೆಯ ಇಸವಿಯ ಸುಗ್ಗಿಯ ಹೊತ್ತಿಗೆ ಆನಂದಪ್ಪ ಮೇಷ್ಟ್ರು ಊರಿಗೆ ಬಂದರು. ಕಾಲೇಜಿನಿಂದ ಟೇಪ್ ರೆಕಾರ್ಡರ್ ಕೇಳಿ ತಂದು ಹೆಂಗಸರ ಹಾಡುಗಳನ್ನು ಹಿಡಿದಿಡುತ್ತಿದ್ದರು. ಹತ್ತಿರದ ಉಡುತಡಿಯ ಹೆಂಗಸರು ಒಂದು ಹಾಡನ್ನು ಅರ್ಧಕ್ಕೇ ಬಿಟ್ಟು, ಇದರ ಧಾಟಿ ಸರಿಯಾಗಿ ಗೊತ್ತಿರುವುದು ವೀರಮ್ಮ ಒಬ್ಬಳಿಗೇ ಎಂದರಂತೆ. ಮೇಷ್ಟ್ರು ಹುಡುಕಿಕೊಂಡು ಬಂದರು. ವೀರಮ್ಮ ತಮ್ಮ ಗಂಟಲು ಮುಟ್ಟಿ ತೋರಿಸಿ ನಕ್ಕರು.

ಆಗ ತೋಟಪ್ಪನವರು ಅಟ್ಟದಿಂದ ತಮ್ಮ ಗಿಟಾರನ್ನು ಇಳಿಸಿದರು.

ಅದು ಅವರೇ ಮಾಡಿದ್ದು. ಒಂದು ನಾಟಕ ಕಂಪನಿಗೆ ಮೈಕ್ ಕಟ್ಟಲು ಹೋದಾಗ, ಒಬ್ಬ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸುವುದನ್ನು ನೋಡಿದ್ದರು. ಅವ್ವ ಹಾಡುವಾಗ ಸ್ವರದಿಂದ ಸ್ವರಕ್ಕೆ ಕಾಲಿಟ್ಟು ಹತ್ತುತ್ತಿರಲಿಲ್ಲ, ಜಾರುತ್ತಿದ್ದಳು, ಹಾರ್ಮೋನಿಯಂಗೆ ಅದು ಬರುವುದಿಲ್ಲ ಎನ್ನುತ್ತಿದ್ದರು. ಅಂಗಡಿಯ ಗಿಟಾರು ಕೊಳ್ಳುವ ಶಕ್ತಿ ಇರಲಿಲ್ಲ. ಹಲಸಿನ ಹಲಗೆ, ಸಿತಾರಿನ ತಂತಿ, ಜಾರಿಸಲು ಸೈಕಲ್ಲಿನ ಅಚ್ಚು. ತಂತಿಯ ನಡುಕ ಹಿಡಿಯಲು, ಕೆಟ್ಟ ಟೆಲಿಫೋನಿನಿಂದ ಬಿಚ್ಚಿದ ಅಯಸ್ಕಾಂತ ಮತ್ತು ತಂತಿಯ ಸುರುಳಿ. ಅದರ ಸದ್ದನ್ನು ದೊಡ್ಡದು ಮಾಡಲು ಯಾರೋ ಬಿಟ್ಟುಹೋದ ರೇಡಿಯೋ.

ಅವ್ವನ ಹಾಡು ಇದರಲ್ಲಿ ಬಂದರೆ ಹಿಡಿದುಕೊಳ್ಳುತ್ತೀರಾ ಎಂದು ಕೇಳಿದರು. ಮುಂದಿನ ಊರಿಗೆಂದು ಎತ್ತಿಟ್ಟದ್ದು ಬಿಟ್ಟರೆ ಮೇಷ್ಟ್ರ ಬಳಿ ಕೊನೆಯ ಸುರುಳಿಯಲ್ಲಿ ನಾಲ್ಕು ನಿಮಿಷದಷ್ಟು ಟೇಪು ಉಳಿದಿತ್ತು. ಬರದಿದ್ದರೆ ಅಳಿಸಿಬಿಡೋಣ ಎಂದು ಒಪ್ಪಿದರು.

ಶನಿವಾರ, ನಾನು ನೋಡುತ್ತಿದ್ದಂತೆ, ತೋಟಪ್ಪನವರು ತಮಗೆ ಗೊತ್ತಿದ್ದದ್ದನ್ನೇ ಮಾಡಿದರು. ಸಭೆಗಳಲ್ಲಿ ಮಾವಿನ ಮರಕ್ಕೆ ಕಟ್ಟುತ್ತಿದ್ದ ದೊಡ್ಡ ಹಾರ್ನನ್ನೇ ತಂದು ನಡುಮನೆಯಲ್ಲಿಟ್ಟು, ಅದರ ಬಾಯಿಗೆ ಮೈಕ್ ಹಿಡಿಸಿ ನುಡಿಸಿದರು. ಊರಿಗೆಲ್ಲ ಕೇಳಿಸುವುದೇ ಒಳ್ಳೆಯ ಸದ್ದು ಎಂದು ಇಪ್ಪತ್ತು ವರ್ಷ ನಂಬಿದ್ದವರು. ಟೇಪಿನಲ್ಲಿ ಬಂದದ್ದು ತಗಡು ಹರಿದ ಸದ್ದು.

ಮೇಷ್ಟ್ರು ಅಳಿಸಿದರು. ತೋಟಪ್ಪನವರು ಹಾರ್ನನ್ನು ಹೊರಗಿಟ್ಟು, ರೇಡಿಯೋದ ಅಂಗೈಯಗಲದ ಸ್ಪೀಕರನ್ನು ಅರ್ಧ ಖಾಲಿಯಾಗಿದ್ದ ಭತ್ತದ ಪೆಟ್ಟಿಗೆಯೊಳಗೆ ಭತ್ತದ ಮೇಲೆ ಕೂರಿಸಿದರು. ಮೈಕನ್ನು ಗೇಣು ದೂರದಲ್ಲಿ ಇಳಿಬಿಟ್ಟು, ಪೆಟ್ಟಿಗೆಯ ಬಾಯಿಗೆ ಕಂಬಳಿ ಹೊದಿಸಿದರು. ರೇಡಿಯೋ ಗುಂಯ್ ಎನ್ನುವುದನ್ನು ನಿಲ್ಲಿಸಲು ಅದರಿಂದ ಒಂದು ತಂತಿ ಎಳೆದು, ಬಚ್ಚಲ ಹಿಂದಿನ ಹಸಿ ಮಣ್ಣಿನಲ್ಲಿ ಹೊಡೆದ ಕಬ್ಬಿಣದ ಗೂಟಕ್ಕೆ ಕಟ್ಟಿದರು. ಅವರ ಹೆಂಡತಿ ನಿರ್ಮಲಮ್ಮ ಅಡಿಗೆಮನೆಯಿಂದಲೇ ಹೇಳಿದರು: "ಇಷ್ಟು ದಿನ ಪೆಟ್ಟಿಗೇಲಿ ಇಲಿ ಒಂದೇ ಹಾಡ್ತಿತ್ತು. ಈಗ ಜೊತೆ ಆತು ಬಿಡ್ರಿ."

ಆದರೆ ಮತ್ತೆ ನುಡಿಸಿದಾಗ ಟೇಪಿನಲ್ಲಿ ಬಂದ ಸದ್ದು ಬೇರೆಯಾಗಿತ್ತು. ಮೆತ್ತಗೆ, ಬೆಚ್ಚಗೆ, ಹತ್ತಿರದಲ್ಲಿ. ಮೇಷ್ಟ್ರು ತಲೆದೂಗಿದರು. ಭಾನುವಾರ ಬೆಳಿಗ್ಗೆ ವೀರಮ್ಮನವರನ್ನು ಕೂರಿಸಿ ಟೇಪು ಕೇಳಿಸಿದರು. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಗಿರಣಿ ಚೆನ್ನಾಗಿ ಹಾಡೈತೆ ಕಣೋ ತೋಟ," ಎಂದರು. "ನೀನು ಎಲ್ಲಿದ್ದೆ?"

ಮತ್ತೆ ಹಾಕಿ ಕೇಳಿದಾಗ ನಮಗೂ ಕೇಳಿಸಿತು. ಮನೆಯ ಹಿಂದಿನ ಅಕ್ಕಿ ಗಿರಣಿಯ ದಡದಡ ಹಾಡಿನುದ್ದಕ್ಕೂ ಇತ್ತು. ಅದರ ಪಕ್ಕದಲ್ಲೇ ಬದುಕಿದ ನಮ್ಮ ಕಿವಿಗಳು ಅದನ್ನು ಎಂದೋ ಬಿಟ್ಟುಬಿಟ್ಟಿದ್ದವು. ಮೇಷ್ಟ್ರ ಗಮನವೆಲ್ಲ ಹಾಡಿನ ಮೇಲಿತ್ತು. ಧ್ವನಿ ಹೋದ ಮೇಲೆ ವೀರಮ್ಮನವರು ಮಾತ್ರ ಎಲ್ಲವನ್ನೂ ಕೇಳುತ್ತ ಕೂತಿದ್ದರೆಂದು ಕಾಣುತ್ತದೆ.

ನಾಳೆ ಸೋಮವಾರ, ನಮ್ಮ ಕಡೆ ಯಾರೂ ಎತ್ತಿಗೆ ನೊಗ ಹಾಕುವುದಿಲ್ಲ, ಭತ್ತದ ಗಾಡಿ ಬರುವುದಿಲ್ಲ, ಗಿರಣಿ ತಾನಾಗಿ ನಿಲ್ಲುತ್ತದೆ, ಒಂದು ದಿನ ಉಳಿಯಿರಿ ಎಂದು ತೋಟಪ್ಪನವರು ಕೇಳಿದರು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ಮಧ್ಯಾಹ್ನದ ಬಸ್ಸಿಗೆ ಅವರು ಸೊರಬಕ್ಕೆ ಹೋಗಬೇಕಿತ್ತು. ಅಲ್ಲಿಗೆ ಹತ್ತಿರದ ಕುಪ್ಪಗಡ್ಡೆಯ ಹಾಡುವ ಹೆಂಗಸರಿಗೆ ಸೋಮವಾರ ಸೊರಬಕ್ಕೆ ಬನ್ನಿ ಎಂದು ಹೇಳಿ ಕಳಿಸಿದ್ದರು. ತೋಟಪ್ಪನವರು ಕಂಬಳಿ ಮಡಿಸತೊಡಗಿದರು.

ವೀರಮ್ಮನವರು ಮೇಷ್ಟ್ರನ್ನು ಹತ್ತಿರ ಕರೆದರು. ಪಿಸುಮಾತು ಕೇಳಲು ಅವರು ಬಗ್ಗಬೇಕಾಯಿತು.

"ಕುಪ್ಪಗಡ್ಡೆ ಹೆಣ್ಮಕ್ಳು ಹ್ಯಾಗೆ ಬರ್ತಾರಪ್ಪ?"

ಎತ್ತಿನ ಗಾಡಿಯಲ್ಲಿ ಎಂದರು ಮೇಷ್ಟ್ರು.

"ಸೊರಬದಾಗೂ ನಾಳೆ ಸೋಮವಾರಾನೇ ಅಲ್ವಾ?"

ಮೇಷ್ಟ್ರು ಚೀಲವನ್ನು ಮತ್ತೆ ಮೊಳೆಗೆ ತಗುಲಿಸಿದರು. ನಿರ್ಮಲಮ್ಮ ಇನ್ನೊಂದು ಪಾವು ಅಕ್ಕಿ ಅಳೆದರು.

ಸೋಮವಾರ ಬೆಳಿಗ್ಗೆ ಗಿರಣಿ ಇಲ್ಲದ ಬೀದಿ ದೊಡ್ಡದಾದಂತೆ ಕಂಡಿತು. ಗುಬ್ಬಿಗಳು ಕೂಗಿ ಸುಮ್ಮನಾಗುವವರೆಗೆ ಕಾದು ತೋಟಪ್ಪನವರು ನುಡಿಸಿದರು. ಟೇಪು ಕೇಳಿ ಮೇಷ್ಟ್ರು, ಇನ್ನೇನೂ ಬೇಡ, ಇದೇ ಸಾಕು ಎಂದರು. ತೋಟಪ್ಪನವರು ತಾಯಿಯ ಮುಖ ನೋಡಿದರು.

"ಸದ್ದೇನೋ ನಂದೇ," ಎಂದರು ವೀರಮ್ಮ. "ಆದ್ರೆ ಕಾಳು ಹಾಕೋಕೆ ಬಿಡ್ಲೇ ಇಲ್ವಲ್ಲೋ ನೀನು."

ಮಗನಿಗೆ ತಿಳಿಯಿತು. ಬೀಸುವಾಗ ಪ್ರತಿ ಸಾಲಿನ ಕೊನೆಗೆ ಅವರು ಹಾಡು ನಿಲ್ಲಿಸಿ, ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಹಾಕುತ್ತಿದ್ದರು. ತೋಟಪ್ಪನವರು ಸಾಲಿಗೆ ಸಾಲು ಹೊಲಿದುಬಿಟ್ಟಿದ್ದರು. ಮೇಷ್ಟ್ರು ಟೇಪನ್ನು ಹಿಂದಕ್ಕೆ ಸುತ್ತಿದರು.

ಈ ಸಲ ವೀರಮ್ಮನವರು ಮಗನ ಎದುರಿಗೇ ಕಾಲು ಚಾಚಿ ಕೂತರು. ಮುಂದೆ ಕಲ್ಲಿರಲಿಲ್ಲ, ಮೊರವಿರಲಿಲ್ಲ. ಒಂದು ಸಾಲು ಮುಗಿಯುತ್ತಿದ್ದಂತೆ ಅವರ ಬಲಗೈ ಪಕ್ಕಕ್ಕೆ ಹೋಗಿ, ಇಲ್ಲದ ಕಾಳನ್ನು ಹಿಡಿದು, ಇಲ್ಲದ ಕಲ್ಲಿಗೆ ಬಿಡುತ್ತಿತ್ತು. ಅಷ್ಟು ಹೊತ್ತು ತೋಟಪ್ಪನವರು ಸೈಕಲ್ಲಿನ ಅಚ್ಚನ್ನು ತಂತಿಯಿಂದ ಎತ್ತಿ ಹಿಡಿಯುತ್ತಿದ್ದರು. ಆ ಬಿಡುವಿನಲ್ಲಿ ಮನೆಯಲ್ಲಿ ಯಾರೂ ಉಸಿರಾಡಿದಂತೆ ನನಗೆ ನೆನಪಿಲ್ಲ. ಆಮೇಲೆ ಟೇಪು ಕೇಳಿದಾಗ ಆ ಬಿಡುವುಗಳಲ್ಲಿ ಗುಂಯ್ ಇರಲಿಲ್ಲ, ಗಿರಣಿ ಇರಲಿಲ್ಲ. ವೀರಮ್ಮನವರು ಕೊನೆಯವರೆಗೂ ಕೇಳಿ, ಎದ್ದು ಮುಖ ತೊಳೆಯಲು ಹೋದರು.

ಮೇಷ್ಟ್ರು ಸುರುಳಿಯನ್ನು ಡಬ್ಬಿಗೆ ಹಾಕಿ, ಚೀಟಿಯ ಮೇಲೆ ಏನೆಂದು ಬರೆಯಲಿ, ಗಿಟಾರು ನುಡಿಸಿದವರು ತೋಟಪ್ಪ ಎಂದೇ ಎಂದು ಕೇಳಿದರು. ತೋಟಪ್ಪನವರು ಪೆಟ್ಟಿಗೆಯೊಳಗೆ ಬಗ್ಗಿ ಸ್ಪೀಕರಿಗೆ ಅಂಟಿದ್ದ ಭತ್ತ ಒರೆಸುತ್ತಿದ್ದರು.

"ಹಾಡಿದವರು ವೀರಮ್ಮ ಅಂತ ಬರೀರಿ," ಎಂದರು. "ನಂದು ಬರೇ ಮೈಕು."