ಈಶಾನ್ಯ ಮೂಲೆಯ ಪಾಯ

ನಮ್ಮ ಗೌಂಡಿ ಕಾಕಾ ಕಟ್ಟುವ ಮನೆಯೊಳಗೆ ನಿಂತು ಎಂದೂ ಅಶುಭ ನುಡಿಯುತ್ತಿರಲಿಲ್ಲ. ಸಾರವಾಡದವರು, ಗಾರೆ ಕೆಲಸದಲ್ಲಿ ಕರಣಿ ಹಿಡಿದೇ ತಲೆ ನೆರೆಸಿಕೊಂಡವರು. ಪಾಯದ ಪೂಜೆಯಾದ ಮೇಲೆ ಆ ಜಾಗದಲ್ಲಿ ‘ಕೆಟ್ಟೈತಿ’, ‘ತಪ್ಪೈತಿ’ ಅಂದರೆ ಅದು ಮನೆಗೆ ಹತ್ತುತ್ತದೆ ಎಂಬ ನಂಬಿಕೆ ಅವರದು. ದೋಷ ಕಂಡರೆ ನನ್ನನ್ನು ರಸ್ತೆಯಾಚೆಯ ಚಹಾದಂಗಡಿಗೆ ಕರೆದೊಯ್ದು ಹೇಳುತ್ತಿದ್ದರು. ನಾನು ಸೈಟಿನ ಇಂಜಿನಿಯರ್, ಓದಿದವನು, ಒಳಗೊಳಗೇ ನಗುತ್ತಿದ್ದೆ.

ವಿಜಯಪುರದ ಅಥಣಿ ರಸ್ತೆಯಲ್ಲಿ ಒಂದು ಮನೆಯ ಕೆಲಸ ಹಿಡಿದಾಗ ನಮ್ಮ ಗುತ್ತಿಗೆದಾರರು ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದನ್ನು ತಂದರು. ಕಟ್ಟಡದ ಜಗಳಗಳೆಲ್ಲ ‘ನೀ ಹೇಳಿದ್ದಿ, ನಾ ಹೇಳಿಲ್ಲ’ ಎಂಬಲ್ಲೇ ಹುಟ್ಟುವುದು. ಅದನ್ನು ಮೊದಲೇ ತಡೆಯುವುದು ಆ್ಯಪಿನ ಕೆಲಸ. ಸಂಜೆ ಎಲ್ಲರೂ ಸೈಟಿನಲ್ಲೇ ನಿಂತು ಅಂದಿನ ಕೆಲಸ, ಅಡಚಣೆ ಎರಡನ್ನೂ ಬಾಯಿಬಿಟ್ಟು ಹೇಳಬೇಕು. ಅದು ಬರೆದುಕೊಂಡು, ಫೋಟೋ ನೋಡಿ, ಎಲ್ಲಿ ತಕರಾರು ಬರಬಹುದೆಂದು ಎಚ್ಚರಿಸುತ್ತದೆ. ಫೋನು ನನ್ನ ಕೈಯಲ್ಲಿತ್ತು. ನನ್ನ ಹಮ್ಮು ಕೇಳಬೇಡಿ!

ಕಾಕಾ ದಿನವೂ ಫೋನಿನ ಮುಂದೆ ಒಂದೇ ಮಾತು ಹೇಳುತ್ತಿದ್ದರು: "ಎಲ್ಲಾ ಚಲೋ ನಡದೈತ್ರಿ."

ಪಾಯಕ್ಕೆ ಕಾಂಕ್ರೀಟ್ ಹಾಕುವ ಹಿಂದಿನ ದಿನ ನನ್ನನ್ನು ಚಹಾಕ್ಕೆ ಕರೆದರು. "ಸಾಹೇಬ್ರ, ಈಶಾನ್ಯ ಮೂಲ್ಯಾಗ ಎರಿ ಮಣ್ಣ ಇನ್ನಾ ಐತ್ರಿ, ಮಳಿ ನೀರ ಕುಡದ್ರ ಉಬ್ಬತೈತಿ. ಎರಡ ಫೂಟ ತೋಡಿಸಿದ್ರ ಗಟ್ಟಿ ನೆಲಾ ಸಿಗತೈತಿ."

ಕೆಲಸ ತಡವಾಗಿದೆ, ಮಾಲೀಕರು ತಕರಾರು ತೆಗೆಯಬಹುದು ಎಂದು ಆ್ಯಪು ಮೂರು ದಿನದಿಂದ ಕೆಂಪು ತೋರಿಸುತ್ತಿತ್ತು. "ಹಾಕ್ರಿ ಕಾಕಾ, ಏನೂ ಆಗೂದಿಲ್ಲ," ಅಂದೆ. ಅವರ ಮಾತನ್ನು ನಾನೇ ಆ್ಯಪಿನಲ್ಲಿ ಹಾಕಬಹುದಿತ್ತು. ಹಾಕಿದ್ದರೆ ಕೆಲಸ ನಿಲ್ಲುತ್ತಿತ್ತು. ಹಾಕಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೂಲೆಯ ಗೋಡೆ ಬಿರುಕುಬಿಟ್ಟಿತು. ಮಾಲೀಕರು, ಗುತ್ತಿಗೆದಾರರು, ಕಾಕಾ, ನಾನು ಅದೇ ಮನೆಯ ಪಡಸಾಲೆಯಲ್ಲಿ ಕೂತೆವು. ಗುತ್ತಿಗೆದಾರರು ಆ್ಯಪನ್ನು ಕೇಳಿದರು. ಪಾಯದ ಬಗ್ಗೆ ಗೌಂಡಿಯಿಂದ ಯಾವ ಆಕ್ಷೇಪವೂ ಬಂದಿಲ್ಲ, ದಿನವೂ ಎಲ್ಲ ಚೆನ್ನಾಗಿದೆ ಎಂದೇ ಹೇಳಿದ್ದಾರೆ ಎಂದು ಅದು ಓದಿತು. ಸುಳ್ಳೇನಲ್ಲ.

ಕಾಕಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಎದ್ದು, ರಸ್ತೆ ದಾಟಿ ಚಹಾದಂಗಡಿಯ ಮುಂದೆ ನಿಂತರು. ಬಾ, ಮಾತಾಡೋಣ ಎಂದೇ ಅದರ ಅರ್ಥ. ನಾನು ಗಾಡಿ ಹತ್ತಿ ಹಿಂದಿನ ಗಲ್ಲಿಯಿಂದ ಹೊರಟುಹೋದೆ. ಹೇಡಿ ಎಂಬ ಮಾತು ನನಗೆ ಕಡಿಮೆಯೇ.

ಆಮೇಲೆ ಮೂಲೆ ತೋಡಿಸಿದಾಗ ಎರಡು ಫೂಟು ಎರಿ ಮಣ್ಣೇ ಬಂತು. ಗಟ್ಟಿ ಮಾಡಿಸಿದರು. ತಕರಾರಿಲ್ಲದೆ ಬಗೆಹರಿಯಿತೆಂದು ಆ್ಯಪು ಹಸಿರು ತೋರಿಸಿತು. ಕಾಕಾನ ಕೆಲಸ ಹೋಗಿತ್ತು. ‘ಪಾಯ ಕೆಡಿಸಿದ ಗೌಂಡಿ’ ಎಂಬ ಹೆಸರು ಸಾರವಾಡದವರೆಗೂ ಮುಟ್ಟಿತ್ತು.

ಮರುವರ್ಷ ತಿಕೋಟಾದಲ್ಲಿ ಒಣದ್ರಾಕ್ಷಿಯ ಶೆಡ್ಡು ನೋಡಲು ಹೋದಾಗ ಅವರು ಸಿಕ್ಕರು. ಬೇರೊಬ್ಬ ಗೌಂಡಿಯ ಕೈಕೆಳಗೆ ಸಿಮೆಂಟು ಕಲಸುತ್ತಿದ್ದರು. "ತಪ್ಪು ನಂದ ಕಾಕಾ," ಅಂದೆ.

"ನನಗ ಗೊತ್ತೈತ್ರಿ. ನಮ್ಮಣ್ಣಗ ಗೊತ್ತಿಲ್ಲ. ನನಗ ಕೆಲಸಾ ಕಲಿಸಿದಾಂವ ಅವನ. ಹಾಸಿಗಿ ಹಿಡದಾನ. ಮನಿತನದ ಹೆಸರ ಕೆಡಿಸಿದೆಂತ ನನ್ನ ಕೂಡ ಮಾತ ಬಿಟ್ಟಾನ. ಒಮ್ಮಿ ಬಂದು ಹೇಳ್ರಿ ಸಾಕ."

ಸೋಮವಾರ ಬರುತ್ತೇನೆಂದೆ. ಆ ಸೋಮವಾರ ಕೆಲಸವಿತ್ತು. ಮುಂದಿನ ಸೋಮವಾರ ಕೆಲಸವಿರಲಿಲ್ಲ, ಧೈರ್ಯವೂ ಇರಲಿಲ್ಲ. ಮೂರನೆಯ ಸೋಮವಾರ ಬಬಲೇಶ್ವರದ ಬಸ್ಸು ಹತ್ತಿ ಸಾರವಾಡದಲ್ಲಿ ಇಳಿದೆ. ಅವರ ಮನೆಯ ಮುಂದೆ ಜನ ಚಾಪೆ ಹಾಸಿ ಕೂತಿದ್ದರು. ಅಣ್ಣ ತೀರಿ ನಾಲ್ಕು ದಿನವಾಗಿತ್ತು.

ಕಾಕಾ ನೀರು ಕೊಟ್ಟು, "ನಮ್ಮ ಇಂಜಿನಿಯರ್ ಸಾಹೇಬ್ರು, ಮಾತಾಡ್ಸಾಕ ಬಂದಾರ," ಎಂದು ಎಲ್ಲರಿಗೂ ಹೇಳಿದರು. ನಾನು ತಡೆಯಲಾರದೆ ಅಷ್ಟೂ ಜನರ ಮುಂದೆ ಒಂದೂ ಬಿಡದೆ ಹೇಳಿಬಿಟ್ಟೆ. ಮುದುಕರೊಬ್ಬರು ತಲೆಯಾಡಿಸಿದರು. ಕಾಕಾ ಗೋಡೆಗೊರಗಿ ಕೂತು ನನ್ನನ್ನೇ ನೋಡುತ್ತಿದ್ದರು.

"ಈಗ ಯಾರಿಗಿ ಹೇಳಾಕತ್ತೀರಿ ಸಾಹೇಬ್ರ?" ಅಂದರು.