ಎರಡು ಸೀಟಿನ ಕಾರು, ಒಬ್ಬ ಭಾವ

ನನ್ನ ಭಾವ ಮೂವತ್ತೊಂದು ವರ್ಷ ಲಿಫ್ಟ್ ಓಡಿಸಿದವರು. ‘ಓಡಿಸಿದೆ’ ಎನ್ನುವುದು ಅವರದೇ ಮಾತು. ಉಳಿದವರ ಪಾಲಿಗೆ ಅವರು ಒಂಬತ್ತು ಮಹಡಿಯ ಆಫೀಸು ಕಟ್ಟಡವೊಂದರ ಲಿಫ್ಟಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವವರು. ಜನ ತಾವೇ ಗುಂಡಿ ಒತ್ತಿಕೊಳ್ಳುವ ಹೊಸ ಲಿಫ್ಟ್ ಬಂದ ಮೇಲೂ ಕಟ್ಟಡದ ಯಜಮಾನರು ಇವರನ್ನು ತೆಗೆಯಲಿಲ್ಲ. ಯಾರಾದರೂ ತಾವಾಗಿ ಗುಂಡಿ ಒತ್ತಿದರೆ ಭಾವ ಅದನ್ನೇ ಇನ್ನೊಮ್ಮೆ ಒತ್ತುತ್ತಿದ್ದರು. ಇಲಾಖೆಯ ಒಪ್ಪಿಗೆ ಬೀಳದೆ ಕಡತ ಮುಂದೆ ಹೋಗಬಾರದಲ್ಲ, ಹಾಗೆ.

ಅವರು ನಿವೃತ್ತರಾದ ವರ್ಷವೇ ನನ್ನ ಅಕ್ಕ ತೀರಿಕೊಂಡಳು. ಮಕ್ಕಳಿರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕುರ್ಚಿ. ನಾನು ಹೋದಾಗಲೆಲ್ಲ ಭಾವ ಒಂದು ಕುರ್ಚಿಯ ಮೇಲಿನ ಹಳೆಯ ಪೇಪರುಗಳನ್ನು ಎತ್ತಿ ನೆಲಕ್ಕಿಡುತ್ತಿದ್ದರು. ನಾನು ಎದ್ದ ಕೂಡಲೇ ಪೇಪರು ಕುರ್ಚಿಗೆ ವಾಪಸ್ಸಾಗುತ್ತಿತ್ತು.

ಆ ಕಟ್ಟಡದ ಬೇಸ್‌ಮೆಂಟಿನಲ್ಲಿ ಒಂದು ಕಾರಿತ್ತು. ಯಜಮಾನರು ಹುಡುಗುಬುದ್ಧಿಯಲ್ಲಿ ಕೊಂಡ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ಕ್ಯಾನ್ವಾಸಿನ ಟಾಪು. ಕೂತರೆ ಪೃಷ್ಠಕ್ಕೂ ರಸ್ತೆಗೂ ಒಂದು ಗೇಣು. ಹದಿನಾಲ್ಕು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ನಾಲ್ಕೂ ಟೈರು ನೆಲ ಕಚ್ಚಿದ್ದವು, ಬ್ರೇಕು ಹಿಡಿದುಕೊಂಡಿತ್ತು, ಸೀಟಿನೊಳಗೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು, “ನಿಮಗೆ ಬೇಕಾದ್ರೆ ತಗೊಳ್ಳಿ, ಅದು ಓಡ್ತಿದ್ದಾಗ ಅಪ್ಪ ಹಿಂದೆ ಮುಂದೆ ಮಾಡೋಕೆ ನಿಮ್ಮ ಕೈಗೆ ಮಾತ್ರ ಕೊಡ್ತಿದ್ರು,” ಎಂದು ಕಾಗದಪತ್ರವನ್ನೆಲ್ಲ ಇವರ ಹೆಸರಿಗೆ ಮಾಡಿಕೊಟ್ಟರು.

ಅಂದಿನಿಂದ ಭಾವನಿಗೆ ಮತ್ತೆ ಆಫೀಸು ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಬೇಸ್‌ಮೆಂಟಿಗೆ ಇಳಿದರೆ ಸಂಜೆ ಐದೂವರೆಗೆ ಮೇಲೆ. ಭಾನುವಾರ ರಜೆ. ಟ್ಯಾಂಕಿನ ತುಕ್ಕು ಕೆರೆದರು, ಬ್ರೇಕು ಬಿಚ್ಚಿದರು, ಸೀಟುಗಳಿಗೆ ಕೈಯಲ್ಲೇ ಹೊಲಿಗೆ ಹಾಕಿದರು. ಗೊತ್ತಿಲ್ಲದ್ದನ್ನು ಗ್ಯಾರೇಜುಗಳ ಮುಂದೆ ನಿಂತು, ಬೈಸಿಕೊಂಡು ಕಲಿತರು. ಮೂರು ವರ್ಷವಾದ ಮೇಲೆ ಎಂಜಿನ್ ಶುರುವಾಯಿತು. ತಪಾಸಣೆಗೆ ಬಂದ ಆರ್‌ಟಿಒ ಇನ್‌ಸ್ಪೆಕ್ಟರು ಸ್ಟೀರಿಂಗ್ ಹಿಡಿದು ಹತ್ತು ನಿಮಿಷ ಸುಮ್ಮನೆ ಕೂತು, ಸಹಿ ಹಾಕಿ ಹೋದರು.

ಆದರೆ ಕಾರು ಮಾತ್ರ ಹೊರಗೆ ಬರಲಿಲ್ಲ.

“ಇನ್ನೇನು ಬಾಕಿ ಭಾವ?” ಎಂದು ಕೇಳಿದರೆ, “ಸದ್ದು ಕೂಡಿಲ್ಲ ಕಣೋ,” ಎನ್ನುತ್ತಿದ್ದರು.

ಆ ಎಂಜಿನ್ನಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು ಎರಡು. ಎರಡೂ ಒಂದೇ ಸಮ ಉಸಿರಾಡಬೇಕು. ಅದನ್ನು ನೋಡಲು ಒಂದು ರಬ್ಬರ್ ಕೊಳವೆಯ ತುದಿಯನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಇನ್ನೊಂದು ತುದಿಯನ್ನು ಕಿವಿಗಿಟ್ಟು, ಬುಸ್ ಎನ್ನುವ ಸದ್ದನ್ನು ಹೋಲಿಸಿ, ಸ್ಕ್ರೂ ಕಾಲು ಸುತ್ತು ತಿರುಗಿಸಬೇಕು. ನನ್ನ ಕಿವಿಗೂ ಕೊಳವೆ ಕೊಡುತ್ತಿದ್ದರು.

“ಎರಡೂ ಒಂದೇ ಥರ ಇದೆ ಭಾವ.”

“ನಿನಗೆ ನಿಮ್ಮ ಆಫೀಸರ್ ಬೈದಿದ್ದೂ ಹೊಗಳಿದ್ದೂ ಒಂದೇ ಥರ ಕೇಳುತ್ತೆ. ಕೊಡಿಲ್ಲಿ.”

ಒಂದು ವರ್ಷ ಹೀಗೇ ಕಳೆಯಿತು. ಸರಿಯಾಗಿದ್ದುದನ್ನು ಬಿಚ್ಚಿ ಮತ್ತೆ ಜೋಡಿಸುತ್ತಾರೆಂದು ನನಗೆ ಅನುಮಾನ ಬಂದಿತ್ತು. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವರು ಬಾಗಿಲು ಹಾಕಿಕೊಂಡು ಆ ಒಂದು ಕೋಣೆಯಲ್ಲಿ ಕೂರಬೇಕಾಗುತ್ತಿತ್ತು.

ನಾನು ಕೇಳದಿದ್ದುದನ್ನು ಕಟ್ಟಡವೇ ಕೇಳಿತು. ಯಜಮಾನರ ಮಗಳು ಅದನ್ನು ಮಾರಿದರು, ಕೊಂಡವರು ಕೆಡವಲು ಗುತ್ತಿಗೆ ಕೊಟ್ಟರು. ಗುತ್ತಿಗೆದಾರನ ಸೂಪರ್‌ವೈಸರು ಬಂದ. ಮೂವತ್ತರ ಒಳಗಿನ ವಯಸ್ಸು, ತಲೆಗೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ವಾಕಿಟಾಕಿ. ಅದರ ಇನ್ನೊಂದು ತುದಿ ಹತ್ತು ಮಾರು ದೂರದ ಗೇಟಿನಲ್ಲಿತ್ತು. ಕೂಗಿದರೆ ಸಾಕಾಗುತ್ತಿತ್ತು, ಆದರೆ ಕೂಗಿದರೆ ಗತ್ತಿರುವುದಿಲ್ಲ.

“ಭಾನುವಾರ ಮಧ್ಯಾಹ್ನ ಶಟರ್ ಎಳೀತೀವಿ,” ಎಂದ. “ಕ್ರೇನು ಈ ಛಾವಣಿ ಕೆಳಗೆ ಬರಲ್ಲ. ಗಾಡಿ ತಾನಾಗೇ ಮೇಲೆ ಬಂದ್ರೆ ಸರಿ. ಇಲ್ಲಾಂದ್ರೆ ಗ್ಯಾಸ್ ಕಟರಲ್ಲಿ ತುಂಡು ಮಾಡಿ ಸಾಗಿಸ್ತೀವಿ.”

“ಹಗ್ಗ ಕಟ್ಟಿ ಎಳೆಸೋಣ ಭಾವ,” ಎಂದೆ ನಾನು.

“ಎಳೆಸೋಕೆ ಅದೇನು ಕುಂಟೋ ಎಮ್ಮೆನಾ? ತನ್ನ ಕಾಲ ಮೇಲೆ ಬರುತ್ತೆ. ಇಲ್ಲ ಅಂದ್ರೆ ಬರೋದೇ ಬೇಡ.”

ಭಾನುವಾರ ಹನ್ನೊಂದೂವರೆಗೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಎರಡನೆಯ ಸೀಟು ನನ್ನದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಭಾವ ಆ ಸೀಟಿನ ಮೇಲೆ ಟೂಲ್‌ಬಾಕ್ಸ್ ಇಟ್ಟು, “ಏರಿನಲ್ಲಿ ಭಾರ ಜಾಸ್ತಿ ಆಗುತ್ತೆ, ನೀನು ನಡ್ಕೊಂಡು ಬಾ,” ಎಂದರು. ಟೂಲ್‌ಬಾಕ್ಸಿಗಿಂತ ನಾನು ಎಷ್ಟು ಭಾರವೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಬೇಸ್‌ಮೆಂಟು ಗುಡುಗಿತು. ಕಂಬಗಳ ನಡುವೆ, ತಗ್ಗಿನ ಛಾವಣಿಯ ಕೆಳಗೆ ಆ ಸದ್ದು ಎದೆಗೂಡಿನೊಳಗೇ ಹೊಕ್ಕಿತು. ಕಾರು ರ್‍ಯಾಂಪ್ ಏರಿತು, ನಡುವೆ ಒಮ್ಮೆ ಹಿಂದಕ್ಕೆ ಜಾರಿತು, ಮತ್ತೆ ಏರಿತು, ಬಿಸಿಲಿಗೆ ಬಂತು. ಬೀದಿಯಲ್ಲಿ ಹತ್ತು ಗಜ ಹೋಗಿ ನಿಂತೇ ಬಿಟ್ಟಿತು.

ನಾನು ಏದುಸಿರು ಬಿಡುತ್ತ ಹತ್ತಿರ ಹೋಗುವಷ್ಟರಲ್ಲಿ ಭಾವ ಬಾನೆಟ್ ಎತ್ತಿಯಾಗಿತ್ತು. ಎಂಜಿನ್ ಓಡುತ್ತಲೇ ಇತ್ತು. ಅವರು ಮಾತ್ರ ಬಗ್ಗಿ ಕಾರ್ಬುರೇಟರಿನ ಬಾಯಿಗೆ ಕಿವಿಯೊಡ್ಡಿದ್ದರು.

“ಹೋಯ್ತು,” ಎಂದರು. “ಸದ್ದೇ ಇಲ್ಲ. ಅರ್ಧ ಜೀವ ಹೋಗಿದೆ. ಒಳಗೆ ಹೋಗಿ ಬಿಚ್ಚಬೇಕು.”

“ಒಳಗೆ ಅನ್ನೋದು ಮುಗೀತು ಯಜಮಾನ್ರೇ,” ಎಂದ ಸೂಪರ್‌ವೈಸರು. ಅವನ ಹಿಂದೆ ಶಟರು ಗರಗರನೆ ಇಳಿಯುತ್ತಿತ್ತು.

“ಹತ್ತು ನಿಮಿಷ ಕೊಡಪ್ಪ. ರಿವರ್ಸಲ್ಲಿ ಇಳಿಸ್ತೀನಿ.”

“ಇಳಿಸಿದ್ರೆ ಅದು ಮತ್ತೆ ತುಂಡಾಗೇ ಮೇಲೆ ಬರೋದು.”

ನಾನು ಎಂಜಿನ್ನಿಗೆ ಕಿವಿಗೊಟ್ಟೆ. ಯಂತ್ರಗಳ ಬಗ್ಗೆ ನನಗೆ ಏನೇನೂ ತಿಳಿಯದು. ಮಿಕ್ಸಿ ನಿಂತರೂ ಹೆಂಡತಿಯನ್ನು ಕರೆಯುವ ಗಂಡಸು ನಾನು. ಆದರೂ ಅದು ಚೆನ್ನಾಗಿಯೇ ಓಡುತ್ತಿದೆ ಎನ್ನಿಸಿತು. ಆಮೇಲೆ ಹೊಳೆಯಿತು. ಈ ಮನುಷ್ಯ ಅದನ್ನು ಬಯಲಿನಲ್ಲಿ ಕೇಳಿಯೇ ಇಲ್ಲ. ನಾಲ್ಕು ವರ್ಷ ನಾಲ್ಕು ಗೋಡೆಯ ನಡುವೆ ಸ್ಕ್ರೂ ತಿರುಗಿಸಿದ್ದಾರೆ.

“ಭಾವ, ಇಲ್ಲಿ ಗೋಡೆ ಇಲ್ಲ. ಸದ್ದು ವಾಪಸ್ ಬರ್ತಿಲ್ಲ, ಅಷ್ಟೇ.”

“ನೀನು ಯಾವಾಗ ಮೆಕ್ಯಾನಿಕ್ ಆದೆ?”

ಕೆಡವುವ ಜಾಗಕ್ಕೆ ಅಡ್ಡ ಕಟ್ಟಲು ತಂದ ತಗಡುಗಳು ಪಕ್ಕದಲ್ಲೇ ಬಿದ್ದಿದ್ದವು. ಸೂಪರ್‌ವೈಸರನಿಗೆ ನನ್ನ ಮಾತು ಅರ್ಥವಾಗಿರಬೇಕು, ಇಲ್ಲವೇ ಊಟಕ್ಕೆ ಹೊತ್ತಾಗಿರಬೇಕು. ಒಂದು ತಗಡನ್ನು ತಾನು ಎತ್ತಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟ. ಕಾರಿನ ಆ ಕಡೆ ಅವನು, ಈ ಕಡೆ ನಾನು, ತಗಡು ಹಿಡಿದು ನಿಂತೆವು. ಗುಡುಗು ತಕ್ಷಣ ವಾಪಸ್ಸಾಯಿತು. ತಗಡು ದೂರ ಸರಿಸಿದರೆ ಹೋಯಿತು. ಹತ್ತಿರ ತಂದರೆ ಬಂತು. ನನ್ನ ಇಸ್ತ್ರಿಯ ಅಂಗಿಗೆ ತುಕ್ಕಿನ ಪಟ್ಟೆ ಬಿತ್ತು. ದಾರಿಹೋಕರು ನಮ್ಮನ್ನು ಯಾವುದೋ ಜಾಹೀರಾತಿನವರೆಂದುಕೊಂಡು ನಿಂತು ನೋಡಿದರು.

ಭಾವ ಬಹಳ ಹೊತ್ತು ಕೇಳಿದರು. ಆಮೇಲೆ ಬಾನೆಟ್ ಮೆಲ್ಲಗೆ ಇಳಿಸಿದರು.

“ಹಾಗಾದ್ರೆ ಇದರ ಸ್ವಂತ ಸದ್ದು ಇಷ್ಟೇನಾ,” ಎಂದರು.

“ಸಾಕಲ್ಲ ಭಾವ.”

ಅವರು ಶಟರಿಗೆ ಬೀಗ ಬೀಳುವುದನ್ನು ನೋಡಿದರು. ಟೂಲ್‌ಬಾಕ್ಸನ್ನು ಸೀಟಿನ ಹಿಂದಕ್ಕೆ ಹಾಕಿ, “ಬಾ, ಹತ್ತು,” ಎಂದರು.

ನನ್ನನ್ನು ಮನೆಯ ಮುಂದೆ ಇಳಿಸಿದಾಗ ಒಂದು ಗಂಟೆ. ಭಾವ ಎಂಜಿನ್ ಬಿಸಿ ಇರುವಾಗಲೇ ಇನ್ನೊಂದು ಸುತ್ತು ಹಾಕಿ ಬರುತ್ತೇನೆಂದು ಹೊರಟುಹೋದರು. ನಾನು ಅಂಗಿ ಬದಲಿಸಿ ಊಟಕ್ಕೆ ಕೂತೆ. ಕಾರು ಮನೆಯ ಮುಂದೆ ಹಾದುಹೋದದ್ದು ಕೇಳಿಸಿತು. ಕಾಲು ಗಂಟೆ ಬಿಟ್ಟು ಮತ್ತೆ ಹೋಯಿತು. ಆಮೇಲೆ ಮತ್ತೆ.

“ಯಾಕೆ ಹೀಗೆ ಸುತ್ತುತ್ತಿದ್ದಾರೆ?” ಎಂದಳು ಹೆಂಡತಿ.

“ನಿಲ್ಲಿಸಿದರೆ ಮನೆಗೆ ಹೋಗಬೇಕಲ್ಲ.”

ಐದನೆಯ ಸುತ್ತಿಗೆ ನಾವಿಬ್ಬರೂ ರಸ್ತೆಗಿಳಿದು ಅಡ್ಡ ನಿಂತೆವು. ಭಾವ ನಿಲ್ಲಿಸಿದರು, ಆದರೆ ಎಂಜಿನ್ ಆರಿಸಲಿಲ್ಲ.

“ಒಳಗೆ ಬನ್ನಿ ಅಣ್ಣ, ಕಾಫಿ ಕುಡೀರಿ,” ಎಂದಳು ಹೆಂಡತಿ.

“ಬೇಡ ಕಣಮ್ಮ. ಆಫ್ ಮಾಡಿದ್ರೆ ಮತ್ತೆ ಶುರುವಾಗುತ್ತೋ ಇಲ್ವೋ.”

ಅದು ಒಂದೇ ಸಲಕ್ಕೆ ಶುರುವಾಗುತ್ತದೆಂದು ನಮ್ಮ ಮೂವರಿಗೂ ಗೊತ್ತಿತ್ತು.

“ಆಫ್ ಮಾಡಬೇಡಿ ಬಿಡಿ,” ಎಂದು ಅವಳು ಒಳಗೆ ಹೋಗಿ ಲೋಟವನ್ನು ಅಲ್ಲಿಗೇ ತಂದುಕೊಟ್ಟಳು. ಭಾವ ಸ್ಟೀರಿಂಗಿಗೆ ಒಂದು ಕೈ ಇಟ್ಟುಕೊಂಡೇ ಕುಡಿದರು. ಎಂಜಿನ್ನಿನ ನಡುಕಕ್ಕೆ ಲೋಟದೊಳಗಿನ ಕಾಫಿಯೂ ನಡುಗುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

“ನಾಳೆ ಏನು ಮಾಡ್ತೀರಿ ಅಣ್ಣ?”

“ನಾಳೆ ಸೋಮವಾರ,” ಎಂದರು ಭಾವ. ಕಣ್ಣು ಮುಂದಿನ ರಸ್ತೆಯ ಮೇಲೆಯೇ ಇತ್ತು.

“ಇವರನ್ನ ಸ್ವಲ್ಪ ಆಫೀಸಿಗೆ ಬಿಡ್ತೀರಾ? ಬಸ್ಸಿಗೆ ಕಾದು ಕಾದು ದಿನಾ ಲೇಟಾಗ್ತಾರೆ.”

ಬಸ್ ಸ್ಟಾಪು ನಮ್ಮ ಗೇಟಿನ ಎದುರಿಗೇ ಇದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ದಿನವೂ ತಡವಾಗಿ ಹೋದವನಲ್ಲ. ಆಫೀಸಿನಲ್ಲಿ ನನಗಿರುವ ಒಂದೇ ಮರ್ಯಾದೆ ಅದು. ಅದನ್ನು ಅವಳು ಒಂದು ಲೋಟ ಕಾಫಿಯ ಜೊತೆ ಕೊಟ್ಟುಬಿಟ್ಟಳು.

“ಹೌದು ಭಾವ,” ಎಂದೆ. “ಬಹಳ ಕಷ್ಟವಾಗಿದೆ.”

“ನಿನ್ನ ಸೋಮಾರಿತನ ಗೊತ್ತಿರೋದೇ,” ಎಂದರು. “ನೋಡೋಣ. ಖಾತ್ರಿ ಹೇಳಲ್ಲ.” ಖಾಲಿ ಲೋಟ ವಾಪಸ್ಸು ಕೊಟ್ಟು ಗೇರ್ ಹಾಕಿದರು.

ನನ್ನ ಆಫೀಸು ಹತ್ತು ಗಂಟೆಗೆ, ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಮರುದಿನ ಭಾವ ಬಂದದ್ದು ಬೆಳಿಗ್ಗೆ ಏಳೂಕಾಲಿಗೆ. ನಾನು ತಲೆ ಒರೆಸಿಕೊಳ್ಳುತ್ತಲೇ ಹೋಗಿ ಹತ್ತಿದೆ.